ಕಂಬಕ್ಕೆ ಸುತ್ತಿದ ತಗಡು

ಈ ವರ್ಷ ನಮ್ಮ ಶಾಲೆಯ ಹುಡುಗಿಯರನ್ನು ಖೋಖೋ ಪಂದ್ಯಕ್ಕೆಂದು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಸಂಘಟಕರು ರಬ್ಬರಿನ ಮ್ಯಾಟುಗಳನ್ನು ಮೈದಾನದ ತುಂಬ ಹಾಸಿದ್ದರು. ಮಧ್ಯಾಹ್ನವಾಗುವ ಮೊದಲೇ ಅವು ಬಿಸಿಲಿಗೆ ಕಾದು, ಸುಟ್ಟ ಟೈರಿನ ವಾಸನೆ ಬಿಡತೊಡಗಿದವು. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಅವರನ್ನು ಬಿಟ್ಟು ಒಂದು ಬೇವಿನ ಗಿಡದ ನೆರಳಿಗೆ ಹೋಗಿ ಕೂತುಬಿಟ್ಟೆ. "ಯಾಕ್ರಿ ಅಕ್ಕೋರ, ಪಿತ್ತ ಆತೇನ್ರಿ?" ಎಂದು ಒಬ್ಬಳು ನೀರಿನ ಬಾಟಲಿ ತಂದು ಕೊಟ್ಟಳು. ಹೌದು ಎಂದೆ. ಮಕ್ಕಳಿಗೆ ಎಲ್ಲವನ್ನೂ ಹೇಳಲಿಕ್ಕಾಗುವುದಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಒಂದೇ ಒಂದು ಬೇಸಿಗೆ ನೆನಪಾಗುತ್ತದೆ, ಇದೇ ಮೈದಾನದಲ್ಲಿ ಮುಗಿದ ಬೇಸಿಗೆ.

ನಾನು ಹುನಗುಂದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಟದ ಟೀಚರು. ಕಾಲೇಜಿನಲ್ಲಿ ಖೋಖೋ ಆಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ಸೀಟಿ ಹಿಡಿದೆ. ಬಾಯಿ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ, ಅದೇ ನನ್ನ ಕಷ್ಟ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ವ್ಯಾಪಾರಸ್ಥರು ಕೆಲವರು ಸೇರಿ ಹೆಣ್ಣುಮಕ್ಕಳ ಖೋಖೋ ಲೀಗ್ ಒಂದನ್ನು ಶುರು ಮಾಡಿದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿಗೆ ಒಂದೊಂದು ತಂಡ. ಬಾಗಲಕೋಟೆಯ ನವನಗರದಲ್ಲಿ ಕಚೇರಿ ಇದ್ದ ಒಂದು ಲೋಕಲ್ ಕೇಬಲ್ ಚಾನೆಲ್ ಆ ಲೀಗಿನಲ್ಲಿ ಪಾಲುದಾರ. ಪಂದ್ಯಗಳನ್ನು ನೇರಪ್ರಸಾರ ಮಾಡುವುದೂ ಅದೇ, ಅದರ ಮೇಲೆ ಬರುವ ಜಾಹೀರಾತಿನಲ್ಲಿ ಪಾಲು ತೆಗೆದುಕೊಳ್ಳುವುದೂ ಅದೇ. ವೀಕ್ಷಕ ವಿವರಣೆಗೆ ಇಬ್ಬರು ಬೇಕಾಗಿತ್ತು. ಇಳಕಲ್ಲಿನ ಹುಸೇನಸಾಬರು ಹೇಗೂ ಇದ್ದೇ ಇದ್ದರು. ಹೆಣ್ಣುಮಕ್ಕಳ ಆಟಕ್ಕೆ ಒಂದು ಹೆಣ್ಣುದನಿ ಇದ್ದರೆ ಚಂದ ಕಾಣುತ್ತದೆ ಎಂದು ನನ್ನನ್ನೂ ಕರೆದರು.

ಹುಸೇನಸಾಬರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಇಳಕಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು, ಆದರೆ ಸ್ಟುಡಿಯೋಕ್ಕಿಂತ ಮೈದಾನದಲ್ಲೇ ಹೆಚ್ಚು ಸಿಗುತ್ತಿದ್ದರು. ಕುಸ್ತಿ, ಕಬಡ್ಡಿ, ಖೋಖೋ ಎಲ್ಲಿದ್ದರೂ ಮೈಕು ಅವರ ಕೈಯಲ್ಲಿ. ಅವರ ವಿವರಣೆ ಟೀವಿಯ ಮುಂದೆ ಕೂತವರಿಗಿಂತ ಮೊದಲು ಮೈದಾನದಲ್ಲಿ ಓಡುವ ಹುಡುಗಿಯರಿಗೆ. ಖೋಖೋದಲ್ಲಿ ಓಡುವವಳಿಗೆ ಬೆನ್ನ ಹಿಂದೆ ಯಾರು ಎದ್ದರು ಎಂಬುದು ಕಾಣುವುದಿಲ್ಲ. ಬೆನ್ನಟ್ಟುವವಳಿಗೆ ಕೂತವರ ಸಾಲಿನ ಆಚೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಕಾಕಾ ಎಲ್ಲವನ್ನೂ ಲೌಡ್‌ಸ್ಪೀಕರಿನಲ್ಲಿ ಹೇಳುತ್ತಿದ್ದರು: "ಎದ್ಲು, ಹಿಂದ ಎದ್ಲು ಮಗಳ, ಎಡಕ ಹೊರಳು." ಇದು ನಿಯಮಕ್ಕೆ ಸರಿಯೇ ಎಂದು ಹೊರಗಿನಿಂದ ಬಂದ ಅಂಪೈರು ಒಬ್ಬರು ಒಮ್ಮೆ ತಕರಾರು ತೆಗೆದರು. "ಓಡೂವಾಕಿನೂ ನನ್ನ ಮಗಳ, ಹಿಡಿಯೂವಾಕಿನೂ ನನ್ನ ಮಗಳ. ಇಬ್ಬರಿಗೂ ಹೇಳ್ತೇನಿ, ಲೆಕ್ಕ ಸರಿ ಆತಲ್ರಿ?" ಎಂದು ಕಾಕಾ ಅವರ ಬಾಯಿ ಮುಚ್ಚಿಸಿದ್ದರು. ನಮ್ಮ ಕಡೆಯ ಹುಡುಗಿಯರು ಕಣ್ಣಿಗಿಂತ ಕಿವಿಯಿಂದ ಆಡುತ್ತಾರೆ ಎಂದು ನಾನು ಅವರನ್ನು ರೇಗಿಸುತ್ತಿದ್ದೆ.

ಆ ಹುಡುಗಿಯರಲ್ಲಿ ಗಂಗಾ ಎಂಬವಳು ನನ್ನ ಶಾಲೆಯಲ್ಲೇ ಕಲಿತವಳು, ರಾಮಥಾಳದವಳು, ಹುನಗುಂದ ತಂಡಕ್ಕೆ ಆಡುತ್ತಿದ್ದಳು. ತಾಯಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಗಂಗಾಳ ವಿದ್ಯೆ ಕಂಬದ್ದು. ಖೋಖೋ ಅಂಕಣದ ಎರಡೂ ತುದಿಗೆ ಎದೆಮಟ್ಟದ ಒಂದೊಂದು ಮರದ ಕಂಬ ಇರುತ್ತದೆ. ಬೆನ್ನಟ್ಟುವವಳು ಪೂರ್ತಿ ವೇಗದಲ್ಲಿ ಬಂದು ಒಂದು ಕೈಯಿಂದ ಕಂಬ ಹಿಡಿದು, ಇಡೀ ಮೈಯನ್ನು ಗಾಳಿಗೆ ಒಡ್ಡಿ, ಇನ್ನೊಂದು ಕೈಯಿಂದ ಓಡುವವಳನ್ನು ಮುಟ್ಟುತ್ತಾಳೆ. ಭಾರವೆಲ್ಲ ಕಂಬ ಹಿಡಿದ ಅಂಗೈಯ ಮೇಲೆ. ಗಂಗಾ ಎಡಗೈ ಹಾಕಿ ಹಾರಿದರೆ ನೋಡುವವರು ಉಸಿರು ಬಿಡುತ್ತಿರಲಿಲ್ಲ. "ನಮ್ಮೂರಾಗ ನೀರ ಗುಡ್ಡ ಏರತೈತ್ರಿ ಅಕ್ಕೋರ, ನಾ ಏರಬಾರದೇನು?" ಎಂದು ಏತ ನೀರಾವರಿಯ ಹೆಸರು ಹೇಳಿ ಬಡಾಯಿ ಕೊಚ್ಚುತ್ತಿದ್ದಳು. ಆ ಬೇಸಿಗೆಯಲ್ಲಿ ಬಾದಾಮಿಯ ಸೆಮಿಫೈನಲ್ಲಿಗೆ ಕ್ರೀಡಾ ಕೋಟಾದ ನೌಕರಿಗೆ ಆಟಗಾರ್ತಿಯರನ್ನು ಆರಿಸುವವರು ಬರುತ್ತಾರೆ ಎಂಬ ಸುದ್ದಿ ಇತ್ತು. ಗಂಗಾ ಅದೊಂದಕ್ಕಾಗಿ ಬೆಳಗಾದರೆ ಓಡುತ್ತಿದ್ದಳು.

ಲೀಗಿನ ದೊಡ್ಡ ಪ್ರಾಯೋಜಕರು ಛಾವಣಿಗೆ ಹಾಕುವ ತಗಡಿನ ವ್ಯಾಪಾರಿ. ಮೈದಾನದ ಸುತ್ತ ಅವರ ಬೋರ್ಡು, ಜೆರ್ಸಿಯ ಮೇಲೆ ಅವರ ಹೆಸರು. ಅಷ್ಟಕ್ಕೇ ಬಿಡಲಿಲ್ಲ. ಕ್ಯಾಮೆರಾ ಹೆಚ್ಚಾಗಿ ಕಂಬದ ಕಡೆಗೇ ತಿರುಗಿರುತ್ತದೆ ಎಂದು ಯಾವ ಜಾಣನೋ ಹೇಳಿರಬೇಕು, ಎರಡೂ ಕಂಬಕ್ಕೆ ತಮ್ಮದೇ ತಗಡನ್ನು ಸುತ್ತಿ, ಮೊಳೆ ಹೊಡೆದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆಸಿದರು. ಖೋಖೋ ಕಂಬ ನುಣುಪಾಗಿರಬೇಕು, ಎಲ್ಲೂ ಅಂಚು ಇರಬಾರದು. ಇದು ನಮ್ಮ ಏಳನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ಇಳಕಲ್ಲಿನ ಮೊದಲ ಪಂದ್ಯದ ದಿನ ಸಂಜೆಯಾದರೂ ತಗಡು ಕಾದೇ ಇತ್ತು. ಹುಡುಗಿಯರು ಮುಟ್ಟಿ ಮುಟ್ಟಿ ಕೈ ಕೊಡವಿಕೊಂಡರು. ತಗಡಿನ ಎರಡು ತುದಿ ಸೇರುವ ಕಡೆ ಅಂಚು ಮೇಲೆದ್ದಿತ್ತು. ನಾನೂ ಕಾಕಾನೂ ಸಂಘಟಕರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆವು. "ನೋಡೂಣ್ರಿ" ಎಂದರು. ನಮ್ಮ ಕಡೆ ನೋಡೋಣ ಎಂದರೆ ನೋಡುವುದಿಲ್ಲ ಎಂದೇ ಅರ್ಥ.

ಹುನಗುಂದದ ಪಂದ್ಯದಲ್ಲಿ ಬಾಗಲಕೋಟೆ ತಂಡದ ಒಬ್ಬ ಹುಡುಗಿಯ ಅಂಗೈ ಹರಿಯಿತು. ಹೆಚ್ಚಲ್ಲ, ಆದರೆ ರಕ್ತ ಕಾದು ನಾರುತ್ತಿದ್ದ ರಬ್ಬರ್ ಮ್ಯಾಟಿನ ಮೇಲೆ ಬಿತ್ತು. ಅವಳನ್ನು ಬದಿಗೆ ಕೂಡಿಸಿ ಬಟ್ಟೆ ಕಟ್ಟುತ್ತಿದ್ದಾಗ ನಮ್ಮ ಕಿವಿಯಲ್ಲಿ ಸಿಕ್ಕಿಸಿದ್ದ ಯಂತ್ರದೊಳಗಿಂದ ಚಾನೆಲ್ಲಿನವರ ದನಿ ಬಂತು: ಜಾಹೀರಾತು ಓದಿ, ಜಾಹೀರಾತು ಓದಿ. ಕಾಕಾ ನನ್ನ ಮುಖ ನೋಡಿದರು. ಮೈಕು ಎತ್ತಿಕೊಂಡವರು, "ಈ ಹುಡುಗಿ ಕೈ ಹರದದ್ದು ಆಟದಿಂದಲ್ರಿ, ತಗಡಿನಿಂದ. ಲೀಗಿನವರು ಕೇಳಾಕತ್ತಿದ್ರ ಕೇಳ್ರಿ, ಕಂಬಕ್ಕ ಅಂಗಿ ತೊಡಸಬ್ಯಾಡ್ರಿ" ಎಂದರು. ನಾನು ಸುಮ್ಮನಿರಬಹುದಿತ್ತು. "ಈ ತಗಡು ತೆಗೆಯುವವರೆಗೆ ಈ ಅಂಕಣದಲ್ಲಿ ಯಾವ ಮಗುವೂ ಕಂಬ ಹಿಡಿಯಬಾರದು. ಹೆಸರು ಬರೆಸಲಿಕ್ಕೆ ಊರ ತುಂಬ ಗೋಡೆಗಳಿವೆ" ಎಂದೆ. ಸುತ್ತಲಿನ ಜನ ಚಪ್ಪಾಳೆ ತಟ್ಟಿದರು. ಮನೆಮನೆಯ ಟೀವಿಯಲ್ಲಿ ಅದು ಹೋಯಿತು.

ಮರುದಿನ ನವನಗರದ ಕಚೇರಿಗೆ ಕರೆ. ಚಾನೆಲ್ಲಿನ ಕಾರ್ಯಕ್ರಮ ನೋಡಿಕೊಳ್ಳುವ ಪ್ರಕಾಶ ಎಂಬವನು ನಮ್ಮಿಬ್ಬರನ್ನೂ ಏಸಿ ಕೋಣೆಯಲ್ಲಿ ಕೂಡಿಸಿ ಚಹಾ ತರಿಸಿದ. ಕೆಟ್ಟವನೇನಲ್ಲ. ಕಾಕಾನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತದ್ದನ್ನು ನಾನು ನೋಡಿಲ್ಲ.

"ಅಕ್ಕೋರ, ಆಟದ ಬಗ್ಗೆ ಎಷ್ಟರ ಮಾತಾಡ್ರಿ. ಕಂಬದ ಸುದ್ದಿ ಯಾಕ ಬೇಕಿತ್ತು?" ಎಂದ.

"ಕಂಬ ಆಟದಾಗ ಬರೂದಿಲ್ಲೇನು?" ಎಂದೆ.

"ಆ ತಗಡಿನ ಮ್ಯಾಲ ಯಾರ ಹೆಸರೈತಿ ಅನ್ನೂದು ಗೊತ್ತೈತಲ್ರಿ. ಲೀಗಿನಾಗ ನಮ್ಮ ಚಾನೆಲ್ಲಿಂದೂ ಪಾಲೈತಿ. ನಮ್ಮ ಮೈಕ್ ಹಿಡಕೊಂಡು ನಮ್ಮ ಲೀಗಿಗೇ ಬೈದ್ರ ಅದಕ್ಕ ಉಂಡ ಮನಿಗೆ ಎರಡು ಬಗಿಯೂದು ಅಂತಾರ."

ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. "ಪ್ರಕಾಶಪ್ಪಾ, ಮನಿಗೆ ಬೆಂಕಿ ಹತ್ತೈತಿ ಅಂತ ಒದರಿದ್ರ ಅದು ಮನಿಗೆ ಬೈದಂಗ ಅಲ್ಲೋ."

ಪ್ರಕಾಶ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದ. ತಾನೂ ಕೈಕೆಳಗಿನ ಮನುಷ್ಯ, ಮೇಲಿನವರು ಹೇಳಿದ್ದನ್ನು ಹೇಳುತ್ತಿದ್ದೇನೆ ಎಂದ. ಮೇಲಿನವರು ಹೇಳಿದ್ದು ಇಷ್ಟು: ನಾವಿಬ್ಬರೂ ಶಿಸ್ತು ಮುರಿದಿದ್ದೇವೆ, ಕ್ಯಾಮೆರಾದ ಮುಂದೆ ಕ್ಷಮೆ ಕೇಳುವವರೆಗೆ ಮೈಕು ಮುಟ್ಟುವಂತಿಲ್ಲ, ಮೈದಾನದ ಹಗ್ಗ ದಾಟಿ ಒಳಗೆ ಬರುವಂತಿಲ್ಲ. ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಕುಕ್ಕಿತು. "ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ" ಎಂದು ಕಾಕಾ ನಕ್ಕರು. ನಾನು ನಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಜಾಗಕ್ಕೆ ಬೇರೆ ಊರಿನ ಇಬ್ಬರು ಬಂದರು. ಒಳ್ಳೆಯ ಕನ್ನಡ, ಒಳ್ಳೆಯ ಇಸ್ತ್ರಿ. ಜಾಹೀರಾತುಗಳನ್ನು ತಪ್ಪಿಲ್ಲದೆ ಓದುತ್ತಿದ್ದರು. ಅವರ ಮಾತು ಮೈದಾನದ ಮೇಲಿಂದ ಹಾದುಹೋಗುತ್ತಿತ್ತು, ಹುಡುಗಿಯರ ಕಿವಿಗೆ ಇಳಿಯುತ್ತಿರಲಿಲ್ಲ. ತಗಡು ಹಾಗೇ ಇತ್ತು. ಹುಡುಗಿಯರು ಕಂಬದ ಹತ್ತಿರ ಬಂದರೆ ಬೆರಳ ತುದಿ ತಾಗಿಸಿ ತಿರುಗುತ್ತಿದ್ದರು, ಯಾರೂ ಹಾರುತ್ತಿರಲಿಲ್ಲ. ಆಟ ಸಪ್ಪೆಯಾಯಿತು. ಜನ ಕಡಿಮೆಯಾದರು. ಆಗ ಗಂಗಾಳ ತಂಡದ ಮಾಲೀಕರು ಹುಡುಗಿಯರನ್ನು ಕೂಡಿಸಿ, ವಿವರಣೆಗಾರರಿಬ್ಬರ ಬಾಯಿಯಿಂದಾಗಿ ಪ್ರಾಯೋಜಕರಿಗೆ ಬೇಸರವಾಗಿದೆ, ಅವರು ಹಿಂದೆ ಸರಿದರೆ ಸೆಮಿಫೈನಲ್ಲೇ ನಡೆಯಲಿಕ್ಕಿಲ್ಲ ಎಂದು ಹೇಳಿದರಂತೆ.

ಗಂಗಾ ನನ್ನ ಮನೆಗೆ ಬಂದಳು. ಅವತ್ತು ಕಾಕಾ ಕೂಡ ಬಂದಿದ್ದರು, ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ನೀವು ಮಾತಾಡಿದ್ದು ಖರೇನ ಐತ್ರಿ ಅಕ್ಕೋರ. ಆದ್ರ ನಮ್ಮ ಹೊಟ್ಟಿ ಮ್ಯಾಲ ಹೊಡದ್ರಿ."

"ಕೈ ಕುಯ್ಕೊಂಡು ಆಡ್ತೀಯೇನ?" ಎಂದು ನಾನು ರೇಗಿದೆ.

"ಕೈ ಕುಯ್ದ್ರ ಹೊಲೀತಾರ. ಲೀಗ್ ನಿಂತ್ರ ಯಾರು ಹೊಲೀತಾರ್ರಿ? ಆರಸಾವ್ರು ಬಾದಾಮಿಗೆ ಒಮ್ಮೆ ಬರ್ತಾರ. ಮುಂದಿನ ವರ್ಷಕ್ಕ ನನ್ನ ವಯಸ್ಸು ಮೀರತೈತಿ. ಕ್ಷಮಾ ಕೇಳಿಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಕಾಕಾ ರೊಟ್ಟಿ ಅಲ್ಲೇ ಬಿಟ್ಟು ಕೈ ತೊಳೆದುಕೊಂಡರು. "ಅಳಬ್ಯಾಡವ್ವಾ. ಆಟ ನಡೀಬೇಕು, ಕೈನೂ ಉಳೀಬೇಕು. ಅಷ್ಟ ಅಲ್ಲ?" ಎಂದರು. ಅಲ್ಲಿಂದಲೇ ಪ್ರಕಾಶನಿಗೆ ಫೋನು ಹಚ್ಚಿದರು. ತಾನು ಕ್ಷಮೆ ಕೇಳುತ್ತೇನೆ, ಎಷ್ಟು ಬೇಕಾದರೂ ಬಗ್ಗುತ್ತೇನೆ, ಬದಲಿಗೆ ಬಾದಾಮಿಯ ಪಂದ್ಯಕ್ಕೆ ಕಂಬದ ಮೇಲಿನ ತಗಡು ಇರಬಾರದು. ಪ್ರಕಾಶ, "ಆತ್ರಿ ಕಾಕಾ, ಮಾತು ಕೊಟ್ಟೆ. ಮೆತ್ತನ್ನ ಸ್ಪಂಜು ಸುತ್ತಸ್ತೇನಿ" ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆವು. ನಾನು ಮಾತ್ರ ಕ್ಷಮೆ ಕೇಳಲು ಒಪ್ಪಲಿಲ್ಲ. ನನಗೆ ಸಂಬಳದ ಕೆಲಸ ಇತ್ತು, ಹಟ ಮಾಡುವುದು ನನಗೆ ಸುಲಭ. "ನನ್ನ ಮಾನ ಹೋದ್ರ ಹೋಗಲಿ ಬಿಡ್ರಿ ಅಕ್ಕೋರ, ತಗಡು ಹೋದ್ರ ಸಾಕು" ಎಂದು ಕಾಕಾ ನನ್ನನ್ನೇ ಸಮಾಧಾನ ಮಾಡಿದರು.

ಸೆಮಿಫೈನಲ್ಲಿನ ದಿನವೇ ಕ್ಷಮಾಪಣೆಯ ಚಿತ್ರೀಕರಣ ಇಟ್ಟರು, ನವನಗರದ ಸ್ಟುಡಿಯೋದಲ್ಲಿ. ಅಲ್ಲಿ ಕ್ಯಾಮೆರಾ ಹಿಡಿದಿದ್ದವರು ನಮ್ಮ ಪರಿಚಯದವರೇ, ಆಮೇಲೆ ನನಗೆ ಎಲ್ಲ ಹೇಳಿದರು. ಚಾನೆಲ್ಲಿನವರು ಬರೆದುಕೊಟ್ಟದ್ದು ಪುಸ್ತಕದ ಕನ್ನಡ. "ತಪ್ಪು ತಿಳಿವಳಿಕೆಯಿಂದ ಆಡಿದ ಮಾತಿಗಾಗಿ ವೀಕ್ಷಕರಲ್ಲಿ ಹಾಗೂ ಪ್ರಾಯೋಜಕರಲ್ಲಿ ಕ್ಷಮೆ ಯಾಚಿಸುತ್ತೇನೆ." ಕಾಕಾ ಓದಿದರು. ಮುಖ ಬಿಗಿಯಾಗಿದೆ ಎಂದು ಇನ್ನೊಮ್ಮೆ ಓದಿಸಿದರು. ದನಿಯಲ್ಲಿ ಸಿಟ್ಟಿದೆ ಎಂದು ಮತ್ತೊಮ್ಮೆ. ವೀಕ್ಷಕರಿಗಿಂತ ಮೊದಲು ಪ್ರಾಯೋಜಕರ ಹೆಸರನ್ನೇ ಹೇಳಬೇಕು ಎಂದು ಮತ್ತೊಮ್ಮೆ. ಕೈಮುಗಿಯಬೇಕು, ಮುಗಿದ ಕೈ ಚೌಕಟ್ಟಿನಲ್ಲಿ ಕಾಣಬೇಕು. ಸ್ವಲ್ಪ ನಗಬೇಕು. ಮಗನ ವಯಸ್ಸಿನವರು ಹೇಳಿದಂತೆ ಆ ಮನುಷ್ಯ ಮಧ್ಯಾಹ್ನ ಇಳಿಯುವವರೆಗೆ ಕೈಮುಗಿದು ನಕ್ಕರಂತೆ. ಮುಗಿಸಿ ಚಾನೆಲ್ಲಿನ ಕಾರಿನಲ್ಲಿ ಬಾದಾಮಿಗೆ ಬಂದಾಗ ತಂಡಗಳು ಆಗಲೇ ಅಂಕಣದಲ್ಲಿ ನಿಂತಿದ್ದವು. ಯಾವಾಗಲೂ ಆಟಕ್ಕೆ ಮೊದಲೇ ಬಂದು ಮ್ಯಾಟು ತುಳಿದು, ಕಂಬ ತಟ್ಟಿ ನೋಡುತ್ತಿದ್ದ ಮನುಷ್ಯ ಅವತ್ತು ನೇರ ಮೈಕಿನ ಮುಂದೆ ಹೋಗಿ ಕೂತರು.

ನಾನು ಹಗ್ಗದ ಆಚೆ ಜನರ ನಡುವೆ ನಿಂತಿದ್ದೆ. ಕಂಬಗಳು ಚಂದ ಕಾಣುತ್ತಿದ್ದವು. ಬುಡದಿಂದ ತುದಿಯವರೆಗೆ ಕೆಂಪು ಬಟ್ಟೆ, ಒಳಗೆ ಉಬ್ಬಿದ ಸ್ಪಂಜು, ಬಟ್ಟೆಯ ಮೇಲೆ ಅದೇ ಹೆಸರು. ಹೆಸರು ಇದ್ದರೆ ಇರಲಿ, ತಗಡು ಹೋಯಿತಲ್ಲ ಎಂದು ನನಗೂ ಖುಷಿಯಾಯಿತು. ಮೊದಲ ಸರದಿಯಲ್ಲಿ ಗಂಗಾಳ ತಂಡ ಓಡಿತು. ಎದುರಿನವರು ಹಳೆಯ ಭಯಕ್ಕೆ ಕಂಬದಿಂದ ದೂರವೇ ತಿರುಗಿದರು. ಎರಡನೆಯ ಸರದಿಯಲ್ಲಿ ಬೆನ್ನಟ್ಟುವುದು ಗಂಗಾಳ ತಂಡದ ಪಾಳಿ. ಎದುರಿನ ಹುಡುಗಿ ಮೀನಿನಂತೆ ಜಾರುತ್ತಿದ್ದಳು, ಸಿಗುತ್ತಲೇ ಇರಲಿಲ್ಲ. ಗಂಗಾ ಎರಡು ಸಲ ಕಂಬದವರೆಗೆ ಬಂದು ತಡೆದು ನಿಂತಳು. ಮೂರನೆಯ ಸಲ ಬರುವಾಗ ಲೌಡ್‌ಸ್ಪೀಕರಿನಲ್ಲಿ ಆ ದನಿ ಕೇಳಿತು.

"ಹೆದರಬ್ಯಾಡ ಮಗಳ. ತಗಡು ತಗದಾರ, ಮೆತ್ತಗ ಮಾಡ್ಯಾರ. ಹಾಕು ಕೈ!"

ಗಂಗಾ ಕೈ ಹಾಕಿದಳು. ಎಷ್ಟು ಚಂದ ಹಾರಿದಳೆಂದರೆ, ಎದುರಿನ ಹುಡುಗಿಯನ್ನು ಮುಟ್ಟಿಯೇ ಬಿಟ್ಟಳು. ಅಂಪೈರು ಸೀಟಿ ಊದಿದ, ಜನ ಕೂಗಿದರು. ಆಮೇಲೆ ಅವಳು ಕಂಬದ ಬುಡದಲ್ಲಿ ಕೂತಳು, ಏಳಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಬಟ್ಟೆ ಹರಿದು, ಸ್ಪಂಜು ಸೀಳಿ, ಒಳಗಿನಿಂದ ತಗಡಿನ ಅಂಚು ಹೊರಗೆ ಬಂದಿತ್ತು. ಮೊಳೆ ಕಿತ್ತರೆ ಕಂಬ ಕೆಡುತ್ತದೆ ಎಂದು ತಗಡನ್ನು ಹಾಗೇ ಬಿಟ್ಟು ಅದರ ಮೇಲೆಯೇ ಸುತ್ತಿದ್ದರು. ಭಾರ ಬಿದ್ದಾಗ ಸ್ಪಂಜು ಚಪ್ಪಟೆಯಾಗಿ, ಅಂಗೈ ಅಂಚಿನ ಮೇಲೆ ಜಾರಿತ್ತು.

"ಏ, ಆಟ ನಿಂದರಸ್ರಿ! ಒಳಗ ತಗಡು ಹಂಗ ಐತಿ! ನನಗ ಸುಳ್ಳು ಹೇಳ್ಯಾರ…" ಎಂದು ಕಾಕಾ ಮೈಕಿನಲ್ಲಿ ಒದರಿದರು. ಅಷ್ಟರಲ್ಲಿ ಮೈಕು ಸತ್ತಿತು. ಲೌಡ್‌ಸ್ಪೀಕರಿನಲ್ಲಿ ಛಾವಣಿ ತಗಡಿನ ಜಾಹೀರಾತಿನ ಹಾಡು ಶುರುವಾಯಿತು, ಢೋಲು ಬಾರಿಸಿ ಹೇಳುವ ಹಾಡು. ಮನೆಯಲ್ಲಿ ಟೀವಿ ನೋಡುತ್ತಿದ್ದವರಿಗೂ ಹಾಡೇ ಕೇಳಿತಂತೆ. ಸತ್ತ ಮೈಕನ್ನು ಹಿಡಿದು ಕಾಕಾ ಇನ್ನೂ ಕೂಗುತ್ತಲೇ ಇದ್ದರು, ಬಾಯಿ ಆಡುವುದು ಕಾಣುತ್ತಿತ್ತು. ನಾನು ಹಗ್ಗ ಜಿಗಿದು ಓಡಿದೆ. ನನ್ನ ಸೆರಗನ್ನು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಹೊಲಿದರು. ಎರಡು ಬೆರಳು ಮಡಚುವ ನರ ಕಡಿದಿವೆ ಎಂದರು ಡಾಕ್ಟರು, ಬೆರಳು ಉಳಿಯುತ್ತವೆ, ಆದರೆ ಏನನ್ನೂ ಬಿಗಿಯಾಗಿ ಹಿಡಿಯಲಿಕ್ಕಾಗದು. ಆಯ್ಕೆಗೆ ಬಂದಿದ್ದವರು ಬೇರೆ ಇಬ್ಬರ ಹೆಸರು ಬರೆದುಕೊಂಡು ಹೋದರು. ಫೈನಲ್ ನಡೆಯಿತು. ಅವತ್ತು ಕಂಬದ ಮೇಲೆ ತಗಡೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಯಾವಾಗ ತೆಗೆದರು, ಯಾಕೆ ತೆಗೆದರು ಎಂದು ಯಾರೂ ಒಂದು ಮಾತು ಆಡಲಿಲ್ಲ. ನೇರಪ್ರಸಾರದಲ್ಲಿ ಅಶಿಸ್ತು ತೋರಿದ್ದಕ್ಕೆ ಹುಸೇನಸಾಬರನ್ನು ಕಾಯಂ ಆಗಿ ಕೈಬಿಡಲಾಗಿದೆ ಎಂದು ಚಾನೆಲ್ಲಿನವರು ಹೇಳಿದರು. ಅವರು ಕೈಮುಗಿದು ನಗುವ ಕ್ಷಮಾಪಣೆಯನ್ನು ಮಾತ್ರ ವಾರವಿಡೀ ತೋರಿಸಿದರು. ಗಂಗಾ ಈಗ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗಿರಾಕಿ ಹೋದ ಮೇಲೆ ಸೀರೆ ಮಡಚುವಾಗ ಆ ಎರಡು ಬೆರಳು ನೆಟ್ಟಗೆ ನಿಂತಿರುತ್ತವೆ.

ಇದೆಲ್ಲ ಆಮೇಲಿನ ಮಾತು. ಪಂದ್ಯದ ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ನಡೆದದ್ದೊಂದು ಉಳಿದಿದೆ. ಕಾಕಾ ಬಂದು ಮಂಚದ ಹತ್ತಿರ ನಿಂತರು. ಹಿಂದಿನ ದಿನ ಕ್ಯಾಮೆರಾಕ್ಕೆಂದು ತೊಟ್ಟಿದ್ದ ಬಿಳಿ ಅಂಗಿಯೇ ಮೈಮೇಲಿತ್ತು. ಗಂಗಾಳ ತಾಯಿ ಕುರ್ಚಿ ಬಿಟ್ಟುಕೊಟ್ಟರೂ ಕೂಡಲಿಲ್ಲ. ಗಂಗಾ ಬಹಳ ಹೊತ್ತು ಅವರ ಮುಖವನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂಬಂತೆ.

"ಕಾಕಾ, ಹೇಳೂದಕಿಂತ ಮೊದಲ ಕಂಬ ಮುಟ್ಟಿ ನೋಡಿದ್ರೇನ್ರಿ?"

"ಇಲ್ಲವ್ವಾ," ಎಂದರು ಕಾಕಾ. "ಕ್ಷಮಾ ಕೇಳೂದ್ರಾಗ ಹೊತ್ತು ಹೋತು."

ಗಂಗಾ ಬಲಗೈಯಿಂದ ಚಾದರ ಎಳೆದುಕೊಂಡು ಗೋಡೆಯ ಕಡೆಗೆ ಹೊರಳಿದಳು. ಕಾಕಾ ನಿಂತೇ ಇದ್ದರು. ಸ್ಟುಡಿಯೋದಲ್ಲಿ ಅಷ್ಟು ಸಲ ಹೇಳಿದ ಆ ಮಾತು ಅಲ್ಲಿ, ಅವಳ ಬೆನ್ನಿನ ಎದುರಿಗೆ, ಒಂದು ಸಲವೂ ಅವರ ಬಾಯಿಗೆ ಬರಲಿಲ್ಲ.